ಬೆಳ್ಳಕ್ಕಿಗಳನ್ನು ಗುರುತಿಸಲು ಕೊಕ್ಕಿನ ಬಣ್ಣಕ್ಕಿಂತ ಬಾಯಿಯ ಗೆರೆ ನೋಡಿ

ನಮಸ್ಕಾರ. ಜೌಗು ನೆಲದಲ್ಲಿ ಮೀನು ಹಿಡಿಯುತ್ತಿರುವ ಎರಡು ಬಿಳಿ ಹಕ್ಕಿಗಳ ಚಿತ್ರ ಹಾಕಿ, ಒಂದರ ಕೊಕ್ಕು ಕಪ್ಪಾಗಿಯೂ ಇನ್ನೊಂದರದು ಹಳದಿಯಾಗಿಯೂ ಇರುವುದರಿಂದ ಇವು ಬೇರೆ ಬೇರೆ ಜಾತಿಯವೇ ಎಂದು ಕೇಳಿದ್ದೀರಿ. ಬೇರೆ ಜಾತಿಯವೇ ಹೌದು. ಆದರೆ ಹಾಗೆಂದು ತೀರ್ಮಾನಿಸಲು ಕೊಕ್ಕಿನ ಬಣ್ಣವೊಂದೇ ಸಾಲದು.

ಏಷ್ಯಾದಲ್ಲಿ ಕಾಣುವ ದೊಡ್ಡ ಬೆಳ್ಳಕ್ಕಿ ಮತ್ತು ಮಧ್ಯಮ ಬೆಳ್ಳಕ್ಕಿ ಎರಡರ ಕೊಕ್ಕೂ ವರ್ಷದ ಬಹುಭಾಗ ಹಳದಿಯಾಗಿದ್ದು, ಮರಿ ಮಾಡುವ ಕಾಲಕ್ಕೆ ಕಪ್ಪಾಗುತ್ತದೆ. ಈ ಬದಲಾವಣೆ ಎಲ್ಲ ಹಕ್ಕಿಗಳಲ್ಲೂ ಒಮ್ಮೆಲೇ ಆಗುವುದಿಲ್ಲವಾದ್ದರಿಂದ, ಒಂದೇ ಜಾತಿಯ ಎರಡು ಹಕ್ಕಿಗಳು ಬೇರೆ ಬೇರೆ ಬಣ್ಣದ ಕೊಕ್ಕಿನೊಂದಿಗೆ ಅಕ್ಕಪಕ್ಕದಲ್ಲಿ ನಿಂತಿರುವುದೂ ಉಂಟು. ಅಮೆರಿಕ ಖಂಡಗಳ ದೊಡ್ಡ ಬೆಳ್ಳಕ್ಕಿಗೆ ಆ ಕಾಲದಲ್ಲೂ ಹಳದಿ ಕೊಕ್ಕೇ ಇರುತ್ತದೆ. ಆದ್ದರಿಂದ ಅಲ್ಲಿಗೆಂದು ಬರೆದ ಕೈಪಿಡಿಯನ್ನು ಏಷ್ಯಾದ ಹಕ್ಕಿಗಳಿಗೆ ಹೊಂದಿಸಲು ಹೋದರೆ ಗೊಂದಲ ಹೆಚ್ಚುತ್ತದೆ.

ಎಲ್ಲ ಕಾಲದಲ್ಲೂ ನೆಚ್ಚಬಹುದಾದ ಗುರುತೆಂದರೆ ಬಾಯಿಯ ಸೀಳು. ಕೊಕ್ಕಿನ ಬುಡದಿಂದ ಹಿಂದಕ್ಕೆ ಸಾಗುವ ಆ ಗೆರೆ ದೊಡ್ಡ ಬೆಳ್ಳಕ್ಕಿಯಲ್ಲಿ ಕಣ್ಣನ್ನು ದಾಟಿ ಮುಂದೆ ಹೋಗುತ್ತದೆ. ಮಧ್ಯಮ ಬೆಳ್ಳಕ್ಕಿಯಲ್ಲಿ ಕಣ್ಣಿನ ಕೆಳಗೇ ನಿಂತುಬಿಡುತ್ತದೆ. ಇದನ್ನು ನೋಡಲು ಹಕ್ಕಿಯ ತಲೆ ಪಕ್ಕಕ್ಕೆ ತಿರುಗಿರಬೇಕು. ನಿಮ್ಮ ಚಿತ್ರದ ಹಳದಿ ಕೊಕ್ಕಿನ ಹಕ್ಕಿಯಲ್ಲಿ ಗೆರೆ ಕಣ್ಣಿನ ಹಿಂದಕ್ಕೆ ಚಾಚಿರುವುದು ಸ್ಪಷ್ಟವಾಗಿದೆ. ಜೊತೆಗೆ ಅದರ ನೀಳ ಕತ್ತು ನಡುವೆ ಮುರಿದಂತೆ ಕೋನವಾಗಿ ಬಾಗಿದೆ. ಅದು ದೊಡ್ಡ ಬೆಳ್ಳಕ್ಕಿ.

ಕಪ್ಪು ಕೊಕ್ಕಿನದು ಎತ್ತಿ ಹಿಡಿದಿರುವ ಕಾಲನ್ನು ಗಮನಿಸಿ: ಕಾಲು ಕಪ್ಪು, ಬೆರಳುಗಳು ಮಾತ್ರ ಹಳದಿ. ಅದು ಸಣ್ಣ ಬೆಳ್ಳಕ್ಕಿ. ಬೆಳೆದ ಹಕ್ಕಿಯ ಕೊಕ್ಕು ವರ್ಷವಿಡೀ ಕಪ್ಪಾಗಿಯೇ ಇರುತ್ತದೆ. ಬೆರಳು ಕೆಸರಿನಲ್ಲಿ ಮುಳುಗಿದ್ದರೆ ನಡವಳಿಕೆಯನ್ನು ನೋಡಿ. ಸಣ್ಣ ಬೆಳ್ಳಕ್ಕಿ ಆಗಾಗ ಓಡಾಡುತ್ತ, ಕಾಲಿನಿಂದ ಕೆಸರು ಕದಡಿ ಬೇಟೆಯನ್ನು ಎಬ್ಬಿಸುತ್ತದೆ. ದೊಡ್ಡದು ಹೆಚ್ಚಾಗಿ ಅಲುಗಾಡದೆ ನಿಂತು ಕಾಯುತ್ತದೆ ಅಥವಾ ಬಹಳ ನಿಧಾನವಾಗಿ ಹೆಜ್ಜೆ ಇಡುತ್ತದೆ. ಮೊದಲನೆಯದರ ಉದ್ದ ಸುಮಾರು 60 ಸೆಂ.ಮೀ., ಎರಡನೆಯದರದು 90 ಸೆಂ.ಮೀ. ಆಸುಪಾಸು, ಆದರೆ ಹೋಲಿಸಲು ಪಕ್ಕದಲ್ಲಿ ಬೇರೆ ಹಕ್ಕಿ ಇಲ್ಲದಿದ್ದರೆ ಗಾತ್ರದ ಅಂದಾಜು ಬಹಳ ಸುಲಭವಾಗಿ ತಪ್ಪುತ್ತದೆ.

ದನಗಳ ಹಿಂದೆ ಸುತ್ತುವ ಗೋವಕ್ಕಿಯೂ ಬಿಳಿಯದೇ. ಅದರ ಕತ್ತು ಗಿಡ್ಡ, ಕೊಕ್ಕು ಮೋಟು ಮತ್ತು ಹಳದಿ, ಗಲ್ಲ ಉಬ್ಬಿದಂತಿರುತ್ತದೆ. ಮರಿ ಮಾಡುವ ಕಾಲದಲ್ಲಿ ತಲೆ, ಕತ್ತು, ಬೆನ್ನು ಕಿತ್ತಳೆ ಬಣ್ಣಕ್ಕೆ ತಿರುಗುವುದರಿಂದ ಆಗ ಸಂದೇಹವೇ ಉಳಿಯುವುದಿಲ್ಲ.

ಹಾರುವಾಗ ಇವೆಲ್ಲವೂ ಕತ್ತನ್ನು ಹಿಂದಕ್ಕೆ ಮಡಚಿಕೊಳ್ಳುತ್ತವೆ. ಬಿಳಿ ಹಕ್ಕಿಯೊಂದು ಕತ್ತನ್ನು ಮುಂದಕ್ಕೆ ನೀಳವಾಗಿ ಚಾಚಿ ಹಾರುತ್ತಿದ್ದರೆ ಅದು ಬೆಳ್ಳಕ್ಕಿಯಲ್ಲ. ಚಮಚದಂಥ ಕೊಕ್ಕಿನ ಹಕ್ಕಿಯೋ, ಬಾಗಿದ ಕೊಕ್ಕಿನ ಕೆಂಬರಲೋ ಆಗಿರಬಹುದು. ಕಾಲ್ಬೆರಳು ನೋಡಬೇಕೆಂದು ಯಾರೂ ದಯವಿಟ್ಟು ಹಕ್ಕಿಯನ್ನು ಬೆದರಿಸಿ ಎಬ್ಬಿಸಬೇಡಿ, ಗೂಡುಗಳ ಬಳಿಯಂತೂ ಖಂಡಿತ ಬೇಡ. ದೂರದಲ್ಲೇ ಕಾದರೆ ಅದು ತಾನಾಗಿ ಹಾರುತ್ತದೆ, ಆಗ ಸಣ್ಣ ಬೆಳ್ಳಕ್ಕಿಯಾದರೆ ಬಾಲದ ಹಿಂದೆ ಚಾಚಿದ ಕಾಲುಗಳ ತುದಿಯಲ್ಲಿ ಹಳದಿ ಎದ್ದು ಕಾಣುತ್ತದೆ.