ಅಟ್ಟದ ಸಾಮಾನು ಇಳಿಸುವ ಮುಂಚೆ

ಪತ್ರ: ದಾವಣಗೆರೆಯ ದೊಡ್ಡ ಮನೆ ಮಾರಿ ಬೆಂಗಳೂರಿನಲ್ಲಿ ಮಗಳ ಹತ್ತಿರ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಹೋಗುತ್ತಿದ್ದೇವೆ. ಅಟ್ಟದ ತುಂಬ ಸಾಮಾನು. ‘ಎಲ್ಲಾ ಕೊಟ್ಟುಬಿಡಮ್ಮಾ, ಹಗುರಾಗ್ತೀಯ’ ಅಂತಾಳೆ ಮಗಳು. ನನಗೆ ಒಂದೊಂದನ್ನು ಮುಟ್ಟಿದಾಗಲೂ ಹೊಟ್ಟೆ ಚುರುಕ್ ಅನ್ನುತ್ತೆ. ಅತ್ತೆಯ ಕಾಲದ ತಾಮ್ರದ ಹಂಡೆ, ರೇಷ್ಮೆ ಸೀರೆಗಳು ಏನು ಮಾಡಲಿ? ಯಜಮಾನರಂತೂ ಕೆಟ್ಟ ಟೇಪ್ ರೆಕಾರ್ಡರನ್ನೂ ಬಿಡಲ್ಲ. ಸಾಮಾನು ಕಡಿಮೆಯಾದರೆ ಸುಖ ಹೆಚ್ಚುತ್ತೆ ಅನ್ನೋದು ನಿಜವೇ?
— ನಿವೃತ್ತ ಶಿಕ್ಷಕಿ, ದಾವಣಗೆರೆ

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಮಗಳು ಹೇಳಿದ್ದು ಅರ್ಧ ನಿಜ. ಮೊಬೈಲ್ ಒತ್ತಿ ಸಂಜೆಯೊಳಗೆ ಬೇಕಾದ್ದು ತರಿಸಿಕೊಳ್ಳುವವರಿಗೆ ಇದ್ದದ್ದನ್ನು ಕೊಟ್ಟುಬಿಡುವುದು ಸುಲಭ. ನೀವು ಸಂಸಾರ ಹೂಡಿದ ಕಾಲ ಬೇರೆ. ಸೀಮೆಎಣ್ಣೆಗೆ ಕ್ಯೂ, ಗ್ಯಾಸಿಗೆ ಹೆಸರು ಬರೆಸಿ ಕಾಯುವುದು, ಸ್ಕೂಟರ್ ಬುಕ್ ಮಾಡಿದರೆ ವರ್ಷಗಟ್ಟಲೆ ಸುದ್ದಿಯೇ ಇಲ್ಲ. ಆಗ ಹಗ್ಗದ ತುಂಡನ್ನೂ ಎತ್ತಿಟ್ಟವರು ಜಿಪುಣರಲ್ಲ, ಜಾಣರು. ಅಟ್ಟ ನೋಡಿ ನಾಚಿಕೊಳ್ಳಬೇಡಿ.

ಆದರೆ ಈಗ ಅಲ್ಲಿರುವುದರಲ್ಲಿ ನಿಜವಾಗಿ ನಿಮಗೆ ಬೇಕಾದದ್ದೆಷ್ಟು? ರವಿಕೆ ಕಣಗಳನ್ನೇ ನೋಡಿ. ಅರಿಶಿನ ಕುಂಕುಮಕ್ಕೆ ಹೋದಾಗ ಬಂದದ್ದು. ನಿಮ್ಮ ಯಾವ ಸೀರೆಗೂ ಒಪ್ಪದ ಬಣ್ಣ. ನೀವು ಇನ್ನೊಬ್ಬರ ಉಡಿಗೆ ಹಾಕುತ್ತೀರಿ, ಅವರು ಮತ್ತೊಬ್ಬರ ಉಡಿಗೆ. ಊರು ಸುತ್ತಿ ಅದೇ ಕಣ ನಿಮ್ಮ ಮನೆಗೆ ವಾಪಸ್ ಬಂದರೂ ಬರಬಹುದು! ಇನ್ನೊಬ್ಬರ ಅಟ್ಟಕ್ಕೆ ದಾಟಿಸಿದರೆ ಕಡಿಮೆ ಮಾಡಿದಂತೆ ಆಗಲ್ಲ, ಅಲ್ವಾ? ನಿಮ್ಮ ಕಡೆ ಕೌದಿ ಹೊಲಿಯುವವರಿದ್ದಾರೆ. ಹಳೇ ಕಾಟನ್ ಸೀರೆಗಳ ಜೊತೆ ಕಟ್ಟಿ ಅವರಿಗೆ ಕೊಡಿ. ಯಾರಾದರೂ ಹೊದ್ದು ಮಲಗಲಿ.

ಹಂಡೆ ಫ್ಲ್ಯಾಟಿಗೆ ಬೇಡ. ತೂಕಕ್ಕೆ ಹಾಕಿದರೆ ತಾಮ್ರಕ್ಕೆ ಒಳ್ಳೇ ದುಡ್ಡೇನೋ ಬರುತ್ತೆ. ಆದರೆ ಚನ್ನಗಿರಿ ಕಡೆ ನೆಂಟರಿದ್ದರೆ ಒಮ್ಮೆ ಕೇಳಿ. ಅಡಿಕೆ ಸಿಪ್ಪೆ ಉರಿಸಿ ಬಚ್ಚಲ ಒಲೆಯಲ್ಲಿ ನೀರು ಕಾಯಿಸುವ ತೋಟದ ಮನೆ ಸಿಕ್ಕರೆ ಹಂಡೆ ಅಲ್ಲಿಗೇ ಹೋಗಲಿ.

ಸೀರೆಗೆ ತಡ ಮಾಡಬೇಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ, ಜರಿ ಕಪ್ಪಾಗುತ್ತದೆ. ಉಡದೆ ಇಟ್ಟರೆ ಉಳಿಯುತ್ತೆ ಅನ್ನುವುದು ಸುಳ್ಳು. ಉಡುವ ಹುಡುಗಿಯರು ಯಾರಿದ್ದಾರೋ ಅವರಿಗೆ ಈಗಲೇ ಕೊಡಿ. ಹರಿದದ್ದನ್ನು ಮಾರುವುದಾದರೆ ಬೆಳ್ಳಿ ಜರಿಯೋ ಅಲ್ಲವೋ ಅಂತ ಮೊದಲು ಪರೀಕ್ಷೆ ಮಾಡಿಸಿ. ಬಾಗಿಲಿಗೆ ಬಂದವನು ಹೇಳಿದ ರೇಟಿಗೆ ತಲೆಯಾಡಿಸಬೇಡಿ.

ಟೇಪ್ ರೆಕಾರ್ಡರ್ ತಂಟೆಗೆ ಹೋಗಬೇಡಿ. ಅದು ಅವರದು. ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆ ಇದೆ, ರಿಪೇರಿಗೆ ಅಂತ ಓಡಾಡಿಕೊಂಡಿರಲಿ.

ಇನ್ನು ಸುಖದ ಮಾತು. ಕೆಲಸ ಕಡಿಮೆಯಾಗುವುದಂತೂ ಖಂಡಿತ. ಮಹಾನವಮಿ ಬಂತೆಂದರೆ ಅಟ್ಟದ ಪಾತ್ರೆಯೆಲ್ಲ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಒಣಗಿಸಿ, ಮತ್ತೆ ಏಣಿ ಹತ್ತಿ ಇಡುವುದು ತಪ್ಪುತ್ತದೆ. ಉಪಯೋಗಿಸದ ಪಾತ್ರೆಗೆ ಇಷ್ಟು ಚಾಕರಿ! ಈ ವಯಸ್ಸಿನಲ್ಲಿ ಸೊಂಟ ಉಳಿಯುವುದೇ ನನ್ನ ಲೆಕ್ಕದಲ್ಲಿ ದೊಡ್ಡ ಸುಖ. ಹಾಗಂತ ಖಾಲಿ ಗೋಡೆ ನೋಡಿದ ಕೂಡಲೇ ಮನಸ್ಸು ತುಂಬುತ್ತದೆ ಅಂತ ನಾನು ಹೇಳಲಾರೆ. ಮೊದಮೊದಲು ಬೇಜಾರೇ ಆಗಬಹುದು.

ಒಂದು ಎಚ್ಚರಿಕೆ ಮಾತ್ರ ಬೇಕು. ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನೀವೇ ಮಕ್ಕಳಿಗೆ ಪಾಠ ಮಾಡಿರುತ್ತೀರಿ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ಆಕೆ ಅದನ್ನು ಒಳಗೇ ಸೇರಿಸಲಿಲ್ಲ, ಅಲ್ಲೇ ಸುರಿದು ಬನ್ನಿ ಎಂದು ವಾಪಸ್ ಕಳಿಸಿದಳು. ನಾವು ಮಾಡುವುದು ತಿರುಗುಮುರುಗು. ಬರುವಾಗ ಬರಲಿ ಅಂತೀವಿ, ಅಟ್ಟ ತುಂಬಿದ ಮೇಲೆ ಗೋಳಾಡುತ್ತೀವಿ. ಹಾಗಾಗಿ ಹೊಸ ಫ್ಲ್ಯಾಟಿನ ಗೃಹಪ್ರವೇಶದ ಕಾರ್ಡಿನಲ್ಲಿ ‘ಉಡುಗೊರೆ ಬೇಡ’ ಎಂದು ದಪ್ಪಕ್ಷರದಲ್ಲಿ ಹಾಕಿಸಿ. ಆದರೂ ಯಾರೋ ಒಬ್ಬರು ಗೋಡೆ ಗಡಿಯಾರ ತಂದೇ ತರುತ್ತಾರೆ, ಬಿಡಿ.