ಖಾಲಿ ಜಾಗ ಅಂದಿರಲ್ಲ!

"ಮರುಭೂಮಿಯ ಗಿಡಗಳಿಗೆ ನಾಲ್ಕು ಪುಟ ಬೇಕಿತ್ತಾ? ಅಲ್ಲಿರುವುದು ಮರಳು, ಒಂದಿಷ್ಟು ಮುಳ್ಳುಕಂಟಿ. ಆ ಖಾಲಿ ಜಾಗದಲ್ಲಿ ಕಾಡು ಬೆಳೆಸುವುದು ಹೇಗೆ ಅಂತ ಬರೆಯಿರಿ." – ಒಬ್ಬ ಓದುಗರು

ನಿಮ್ಮ ಕಾಳಜಿ ದೊಡ್ಡದು, ಒಪ್ಪಿದೆ. ಊರಿನ ಮೇಲೆ ಮರಳು ನುಗ್ಗುವ ಕಡೆ ಗಿಡ ನೆಟ್ಟು ತಡೆಯಲೇಬೇಕು. ಆದರೆ "ಖಾಲಿ" ಅಂದಿರಲ್ಲ, ಅಲ್ಲೇ ನನಗೆ ಕೋಪ ಬಂದದ್ದು.

ದಕ್ಷಿಣ ಆಫ್ರಿಕಾ, ನಮೀಬಿಯಾಗಳಲ್ಲಿ ಹರಡಿರುವ ಸಕ್ಯುಲೆಂಟ್ ಕರೂ ಎಂಬ ಒಣ ಸೀಮೆಯಲ್ಲಿ ಸುಮಾರು 6,000 ಬಗೆಯ ಸಸ್ಯಗಳಿವೆ. ಇದು ಖಾಲಿಯೇ? ಕಳ್ಳಿಯನ್ನೇ ನೋಡಿ. ಹಗಲು ಉಸಿರಾಟದ ರಂಧ್ರ ತೆರೆದರೆ ನೀರು ಆವಿಯಾಗುತ್ತದೆ ಅಂತ ರಾತ್ರಿ ತೆರೆದು ಗಾಳಿ ತುಂಬಿಕೊಳ್ಳುತ್ತದೆ. ಮಳೆಗಾಗಿ ಕಾಯುವ ಕೆಲವು ಬೀಜಗಳಂತೂ ಮಹಾ ಜಾಣ. ಮೊಳಕೆ ತಡೆಯುವ ರಾಸಾಯನಿಕ ಅವುಗಳಲ್ಲೇ ಇರುತ್ತದೆ. ಅದು ಪೂರ್ತಿ ತೊಳೆದು ಹೋಗುವಷ್ಟು ಮಳೆ ಬಂದರೆ ಮಾತ್ರ ಮೊಳಕೆ. ನಾಲ್ಕು ಹನಿಗೆಲ್ಲ ಮೋಸ ಹೋಗುವ ಪೈಕಿ ಅಲ್ಲ ಅವು.

ಸಹಾರಾದ ಟೆನೆರೆಯಲ್ಲಿ ಒಂದು ಒಂಟಿ ಜಾಲಿ ಮರವಿತ್ತು. ಪಕ್ಕದಲ್ಲಿ ಬಾವಿ ತೋಡಿದಾಗ ಗೊತ್ತಾಯಿತು, ಅದರ ಬೇರು 30 ಮೀಟರ್‌ಗೂ ಜಾಸ್ತಿ ಆಳದಲ್ಲಿ ನೀರು ಮುಟ್ಟಿತ್ತು. 1973ರಲ್ಲಿ ಒಬ್ಬ ಲಾರಿ ಚಾಲಕ ಅದಕ್ಕೇ ಗುದ್ದಿ ಉರುಳಿಸಿದ. ಅಷ್ಟು ದೊಡ್ಡ ಬಯಲಲ್ಲಿ ಬೇರೆ ದಾರಿಯೇ ಇರಲಿಲ್ವಾ!

ಇನ್ನು ಹಸಿರು ಮಾಡುವ ಹಟ. ಥಾರ್‌ನಲ್ಲಿ ಬನ್ನಿ ಮರ ಮೊದಲಿಂದಲೂ ಇತ್ತು. ನೆರಳು, ಮೇವು, ಕಾಯಿ ಎಲ್ಲ ಕೊಡುತ್ತಿತ್ತು. ಅದನ್ನು ಉಳಿಸಲು 1730ರಲ್ಲಿ ರಾಜಸ್ಥಾನದ ಖೇಜಡ್ಲಿ ಹಳ್ಳಿಯಲ್ಲಿ ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ಟರು. ಆದರೂ ಬೇಗ ಬೆಳೆಯುತ್ತದೆ ಅಂತ ಅಮೆರಿಕ ಖಂಡದ ಬಳ್ಳಾರಿ ಜಾಲಿ ತಂದು ಬಿತ್ತಿದರು. ದೂರದಿಂದ ನೋಡಿದರೆ ಹಸಿರೇ. ಹತ್ತಿರ ಹೋದರೆ ಹುಲ್ಲು ಮಾಯ.

ನಾನೂ ಸಾಚಾ ಅಲ್ಲ. ಕುಂಡದ ಕಳ್ಳಿಗೆ ಪ್ರೀತಿಯಿಂದ ದಿನಾ ನೀರು ಹಾಕಿದ್ದೆ. ತಿಂಗಳೊಳಗೆ ಬುಡ ಕೊಳೆತು, ಬೆರಳಿಟ್ಟರೆ ಮೆತ್ತಗೆ ಒಳಗೆ ಹೋಯಿತು. ಸುಮ್ನೆ ಬಿಟ್ಟಿದ್ದರೆ ಇವತ್ತಿಗೂ ಇರುತ್ತಿತ್ತು. ಕಡತಗಳಲ್ಲಿ "ಪಾಳು ಭೂಮಿ" ಅಂತ ಬರೆಯುವವರಿಗೂ ಇದೇ ಚಾಳಿ. ಕಂದಾಯ ಬಾರದ ನೆಲವೆಲ್ಲ ಅವರ ಲೆಕ್ಕಕ್ಕೆ ಪಾಳು. ಕುರಿ ಮೇಯಿಸುವವರನ್ನು ಯಾರೂ ಕೇಳುವುದಿಲ್ಲ.

ನಾಲ್ಕು ಪುಟ ಜಾಸ್ತಿ ಆಯಿತು ಅಂದಿರಿ ಅಲ್ವಾ? ಮುಂದಿನ ಸಂಚಿಕೆಗೆ ನಮೀಬ್ ಮರುಭೂಮಿಯ ವೆಲ್ವಿಚಿಯಾ ಗಿಡದ ಕುರಿತ ಲೇಖನ ಸಿದ್ಧವಾಗಿದೆ. ಸಾವಿರ ವರ್ಷ ಬದುಕಿದರೂ ಅದಕ್ಕಿರುವುದು ಎರಡೇ ಎಲೆ. ಲೇಖನ ಆರು ಪುಟ.