ಯೆಲ್ಲೂರಿನ ಚಿಮಣಿಯ ಹೊಗೆಯನ್ನು ಬಿಸಿಲಿನಿಂದ ಇಂಧನವಾಗಿಸಬಹುದೇ?

ಉಡುಪಿ ಜಿಲ್ಲೆಯ ಯೆಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದಿಂದ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಬಿಸಿಲು ಮತ್ತು ವೇಗವರ್ಧಕದ (ರಾಸಾಯನಿಕ ಕ್ರಿಯೆಯನ್ನು ಚುರುಕಾಗಿಸುವ ವಸ್ತುವಿನ) ಪುಡಿಯಿಂದ ಮೀಥೇನ್ ಎಂಬ ಉರಿಯುವ ಅನಿಲ ಆಗಿಸಲು ಸಾಧ್ಯವಿದ್ದರೆ ಯಾಕೆ ಮಾಡುತ್ತಿಲ್ಲ ಎಂದು ಕೇಳಿದ್ದೀರಿ. ಸಾಧ್ಯವಿದೆ, ಆದರೆ ಹುಟ್ಟುವ ಪ್ರಮಾಣ ತೀರಾ ಕಡಿಮೆ. ಮಂಗಳೂರಿನಲ್ಲಿ ಎಂ.ಎಸ್ಸಿ. ಓದುವಾಗ ಇದೇ ವಿಷಯದಲ್ಲಿ ಪ್ರಾಜೆಕ್ಟ್ ಮಾಡಿದ್ದೆ.

1979ರಲ್ಲೇ ಜಪಾನಿನ ಇನೌಯೆ, ಫುಜಿಶಿಮಾ, ಹೊಂಡಾ ಮೊದಲಾದವರು ಟೈಟಾನಿಯಂ ಡೈಆಕ್ಸೈಡ್‌ನಂತಹ ಪುಡಿಗಳನ್ನು ನೀರಿನಲ್ಲಿ ಕದಡಿ, ಇಂಗಾಲದ ಡೈಆಕ್ಸೈಡ್ ಹಾಯಿಸಿ, ಬೆಳಕು ಬೀರಿ ಮೆಥನಾಲ್, ಮೀಥೇನ್ ಪಡೆದಿದ್ದರು. ಬೆಳಕು ಬಿದ್ದಾಗ ಪುಡಿಯ ಕಣದಲ್ಲಿ ಎಲೆಕ್ಟ್ರಾನ್ ಮೇಲೇಳುತ್ತದೆ, ಅದರ ಜಾಗ ಖಾಲಿ ಉಳಿಯುತ್ತದೆ. ಹೆಚ್ಚಿನವು ಕ್ಷಣಮಾತ್ರದಲ್ಲಿ ಆ ಖಾಲಿ ಜಾಗಕ್ಕೇ ಮರಳಿ, ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಮೀಥೇನಿನ ಒಂದು ಅಣುವಿಗೆ 8 ಎಲೆಕ್ಟ್ರಾನ್ ಬೇಕು, ಹೈಡ್ರೋಜನ್‌ಗೆ 2 ಸಾಕು. ಹಾಗಾಗಿ ಉಳಿದವೂ ನೀರಿನಿಂದ ಹೈಡ್ರೋಜನ್ ಬಿಡಿಸುವ ಕಡೆಗೇ ವಾಲುತ್ತವೆ. ಸಾಲದ್ದಕ್ಕೆ, ಟೈಟಾನಿಯಂ ಡೈಆಕ್ಸೈಡ್ ಹೀರುವುದು ಅತಿನೇರಳೆ ಕಿರಣವನ್ನು. ಬಿಸಿಲಿನಲ್ಲಿ ಅದರ ಪಾಲು ಸುಮಾರು 5 ಶೇಕಡಾ.

ಒಂದು ಲೆಕ್ಕ ನೋಡಿ. ಒಂದು ಗ್ರಾಂ ಪುಡಿ ಗಂಟೆಗೆ 10 ಮೈಕ್ರೊಮೋಲ್, ಅಂದರೆ 0.00016 ಗ್ರಾಂ, ಮೀಥೇನ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಕಿಲೋ ಪುಡಿಯಿಂದ ಗಂಟೆಗೆ 0.16 ಗ್ರಾಂ. ನಮ್ಮ ಅಡುಗೆಮನೆಯ 14.2 ಕಿಲೋ ಸಿಲಿಂಡರಿನಷ್ಟು ತೂಕ ಸೇರಲು, ದಿನಕ್ಕೆ 6 ಗಂಟೆ ಬಿಸಿಲು ಸಿಕ್ಕರೂ 40 ವರ್ಷ ಬೇಕು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಪ್ರಶ್ನೆ: ಸಿಕ್ಕ ಮೀಥೇನ್ ನಿಜಕ್ಕೂ ಇಂಗಾಲದ ಡೈಆಕ್ಸೈಡಿನಿಂದಲೇ ಬಂದದ್ದೇ? ಜೂನ್ ಬಂದರೆ ಕರಾವಳಿಯಲ್ಲಿ ಬಿಸಿಲನ್ನು ನಂಬುವಂತಿಲ್ಲ. ನಾವು ಬಿಸಿಲಿನಂಥ ಬೆಳಕು ಕೊಡುವ ಝೆನಾನ್ ದೀಪದಲ್ಲೇ ಪ್ರಯೋಗ ನಡೆಸುತ್ತಿದ್ದೆವು. ಅನಿಲಗಳನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರದಲ್ಲಿ ಮೀಥೇನಿನ ಗೆರೆ ಚೆನ್ನಾಗಿಯೇ ಏಳುತ್ತಿತ್ತು. ಎರಡು ತಿಂಗಳು ಸಂಭ್ರಮಪಟ್ಟೆ. ಒಂದು ದಿನ ಹಿರಿಯ ಸಂಶೋಧಕಿಯೊಬ್ಬರು, "ಇಂಗಾಲದ ಡೈಆಕ್ಸೈಡ್ ಬದಲು ಆರ್ಗಾನ್ ಹಾಯಿಸಿ ನೋಡಿದ್ದೀರಾ?" ಎಂದು ಕೇಳಿದರು. ನೋಡಿರಲಿಲ್ಲ. ಆರ್ಗಾನಿನಲ್ಲಿ ಇಂಗಾಲವೇ ಇಲ್ಲ, ಆದರೂ ನೋಡಿದಾಗ ಅದೇ ಗೆರೆ ಎದ್ದಿತು! ಪುಡಿ ತಯಾರಿಸಲು ಬಳಸಿದ್ದ ಟೈಟಾನಿಯಂ ಐಸೊಪ್ರೊಪಾಕ್ಸೈಡ್‌ನ ಸಾವಯವ ಶೇಷ ಕಣಗಳಿಗೆ ಅಂಟಿಕೊಂಡಿತ್ತು; ಬೆಳಕಿಗೆ ಮೀಥೇನ್ ಆಗುತ್ತಿದ್ದುದು ಅದರ ಇಂಗಾಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಇದಕ್ಕೆ ಮದ್ದು ಇಂಗಾಲ-13. ಸಾಮಾನ್ಯ ಇಂಗಾಲಕ್ಕಿಂತ ತುಸು ಭಾರವಾದ ಈ ಇಂಗಾಲವಿರುವ ಡೈಆಕ್ಸೈಡನ್ನು ಹಾಯಿಸಿದರೆ, ಅದರಿಂದಲೇ ಹುಟ್ಟಿದ ಮೀಥೇನಿನ ಅಣುಭಾರ 16ರ ಬದಲು 17 ಇರುತ್ತದೆ. ಹೊಸ ವೇಗವರ್ಧಕದ ಸುದ್ದಿ ಓದಿದಾಗ ನೀವೂ ಮೊದಲು ಈ ಪರೀಕ್ಷೆ ನಡೆದಿದೆಯೇ ಎಂದು ಹುಡುಕಿ. ನಾವು ಪುಡಿಯನ್ನು 450 ಡಿಗ್ರಿಯಲ್ಲಿ ಸುಟ್ಟು ಶುದ್ಧಗೊಳಿಸಿ, ಇಂಗಾಲ-13ರ ಡೈಆಕ್ಸೈಡ್ ಹಾಯಿಸಿ ಪ್ರಯೋಗವನ್ನು ಮತ್ತೆ ಮಾಡಿದೆವು. ಗೆರೆ ಕುಗ್ಗಿ ಕಡ್ಡಿಯಷ್ಟಾಯಿತು, ಆದರೆ ಅದರಲ್ಲಿ ಅಣುಭಾರ 17ರ ಮೀಥೇನ್ ಇತ್ತು.